ಶ್ರೀರಂಗಪಟ್ಟಣಕ್ಕೆ ಒಂದು ದಿನ: ಮೊದಲು ಹೊಳೆ ನೋಡಿ, ಆಮೇಲೆ ಕೋಟೆ

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಮೈಸೂರಿನಲ್ಲಿ ನನ್ನ ತಂಗಿ ಮನೆ ಇದೆ. ಅಲ್ಲಿಗೆ ಬಂದಾಗಲೆಲ್ಲ ಶ್ರೀರಂಗಪಟ್ಟಣಕ್ಕೆ ಎರಡು ಗಂಟೆ ಹೋಗಿ ಬರುತ್ತೇವೆ. ದೇವರ ದರ್ಶನ, ಸೆರೆಮನೆ, ನಾಲ್ಕು ಫೋಟೋ, ಅಷ್ಟೇ. ಹೋದ ಸಲ ನನ್ನ ಹತ್ತು ವರ್ಷದ ಮಗ "ಅಮ್ಮಾ, ಎಲ್ಲಾ ಬರೀ ಮುರಿದ ಗೋಡೆ" ಅಂದುಬಿಟ್ಟ. ಈ ಮೇ ಮೊದಲ ವಾರ ಒಂದು ಇಡೀ ದಿನ ಸಿಗುತ್ತದೆ. ಜೊತೆಗೆ ಎಪ್ಪತ್ತು ದಾಟಿದ ನಮ್ಮ ತಾಯಿ ಇರುತ್ತಾರೆ, ಮಂಡಿನೋವು ಇದೆ. ಏನು ನೋಡಬೇಕು, ಯಾವುದು ಮೊದಲು, ಯಾವುದನ್ನು ಬಿಡಬಹುದು? ಗೋಡೆ ಕತೆ ಹೇಳುವ ಹಾಗೆ ಮಾಡುವುದು ಹೇಗೆ?

ಉತ್ತರ: ಒಂದು ಇಡೀ ದಿನ ಇದೆ ಅಂದಿದ್ದೀರಲ್ಲ, ಅದನ್ನು ಓದಿಯೇ ಖುಷಿಯಾಯಿತು. ಪಟ್ಣಕ್ಕೆ (ಈ ಕಡೆಯವರು ಶ್ರೀರಂಗಪಟ್ಟಣವನ್ನು ಕರೆಯುವುದು ಹಾಗೆ) ಬರುವವರಲ್ಲಿ ಹೆಚ್ಚಿನವರು ಮೈಸೂರು ಅರಮನೆಗೂ ಬೃಂದಾವನಕ್ಕೂ ನಡುವೆ ಸಿಕ್ಕ ಒಂದೂವರೆ ಗಂಟೆಯಲ್ಲಿ ಓಡಿ ಓಡಿ ನೋಡಿ ಹೋಗುತ್ತಾರೆ. ನಾನು ಇಪ್ಪತ್ತು ವರ್ಷದಿಂದ ಶಾಲೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ನಿಮ್ಮ ಮಗ ಹೇಳಿದ ಮಾತನ್ನು ಎಷ್ಟು ಮಕ್ಕಳ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಅವರ ತಪ್ಪೇನೂ ಇಲ್ಲ. ನಾವು ಅವರಿಗೆ ತೋರಿಸುವ ಕ್ರಮವೇ ಸರಿಯಿಲ್ಲ.

ನನ್ನ ಅನುಭವದಲ್ಲಿ ಒಂದೇ ಒಂದು ಬದಲಾವಣೆ ಮಾಡಿದರೆ ಸಾಕು. ಮೊದಲು ಹೊಳೆ ತೋರಿಸಿ. ದೇವಸ್ಥಾನ, ಕೋಟೆ, ಸೆರೆಮನೆ ಎಲ್ಲ ಆಮೇಲೆ. ಈ ಊರು ಇಲ್ಲಿ ಯಾಕೆ ಹುಟ್ಟಿತು, ಯಾಕೆ ರಾಜಧಾನಿಯಾಯಿತು, ಯಾಕೆ ಒಂದೇ ಮಧ್ಯಾಹ್ನದಲ್ಲಿ ಬಿದ್ದುಹೋಯಿತು, ಎಲ್ಲಕ್ಕೂ ಉತ್ತರ ಕಾವೇರಿಯಲ್ಲೇ ಇದೆ. ನೀವು ಬರುತ್ತಿರುವುದು ಮೇ ಮೊದಲ ವಾರ. ಬಿಸಿಲು ಜಾಸ್ತಿ, ನಿಜ. ಆದರೆ ಟಿಪ್ಪು ಸತ್ತದ್ದು 1799ರ ಮೇ 4ರಂದು. ಅವತ್ತಿನ ಹೊಳೆ ಹೇಗಿತ್ತು ಅನ್ನುವುದನ್ನು ಕಣ್ಣಾರೆ ನೋಡಲು ಇದಕ್ಕಿಂತ ಒಳ್ಳೆಯ ವಾರ ವರ್ಷದಲ್ಲಿ ಇನ್ನೊಂದಿಲ್ಲ.

ಪಟ್ಣ ಒಂದು ದ್ವೀಪ ಅಂತ ಎಲ್ಲರೂ ಓದಿರುತ್ತೇವೆ, ಆದರೆ ಬಸ್ಸಿನಲ್ಲಿ ಸೇತುವೆ ದಾಟುವಾಗ ಅದು ಗೊತ್ತೇ ಆಗುವುದಿಲ್ಲ. ಕಾವೇರಿ ಊರಿನ ಪಶ್ಚಿಮಕ್ಕೆ ಎರಡು ಕವಲಾಗಿ ಒಡೆದು, ಐದು ಕಿಲೋಮೀಟರ್‌ನಷ್ಟು ಹರಿದು, ಪೂರ್ವದ ತುದಿಯಲ್ಲಿ ಮತ್ತೆ ಒಂದಾಗುತ್ತದೆ. ನಡುವೆ ಉಳಿದ ಉದ್ದನೆಯ ನೆಲವೇ ಊರು. ಕೋಟೆ ಪಶ್ಚಿಮದ ತುದಿಯಲ್ಲಿದೆ, ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ನಡುವೆ, ಹೈದರ್ ಮತ್ತು ಟಿಪ್ಪುವಿನ ಗೋರಿಯಿರುವ ಗುಂಬಜ್ ಮತ್ತು ಕವಲುಗಳು ಸೇರುವ ಸಂಗಮ ಪೂರ್ವದ ಕಡೆ. ನೀವೂ ಅದೇ ದಿಕ್ಕಿನಲ್ಲಿ, ನೀರು ಹರಿಯುವ ದಿಕ್ಕಿನಲ್ಲಿ, ಬೆಳಿಗ್ಗೆಯಿಂದ ಸಂಜೆಯವರೆಗೆ ನಿಧಾನವಾಗಿ ಸಾಗಿ. ಹಿಂದೆ ಮುಂದೆ ಓಡಾಡುವುದು ತಪ್ಪುತ್ತದೆ, ಅಮ್ಮನಿಗೂ ಸುಸ್ತಾಗುವುದಿಲ್ಲ.

ಬೆಳಿಗ್ಗೆ ಏಳಕ್ಕೆಲ್ಲ ಪಟ್ಣದಲ್ಲಿರಿ. ಮೈಸೂರಿನಿಂದ ಹದಿನೈದು ಕಿಲೋಮೀಟರ್ ಅಷ್ಟೇ, ಕಷ್ಟವಿಲ್ಲ. ರೈಲಿನಲ್ಲಿ ಬಂದರೆ ಇನ್ನೂ ಒಳ್ಳೆಯದು, ನಿಲ್ದಾಣ ಕೋಟೆಯ ಒಳಗೇ ಇದೆ. ಬಸ್ಸಾದರೆ ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿಕೊಳ್ಳಿ, ಹೊಸ ಹೆದ್ದಾರಿಯ ಬೈಪಾಸ್ ಹಿಡಿಯುವ ಬಸ್ಸುಗಳು ಊರೊಳಗೆ ಬರುವುದಿಲ್ಲ. ಬಂದವರೇ ಒಂದು ಆಟೋ ಹಿಡಿದು ಕೋಟೆಯ ವಾಯವ್ಯ ಮೂಲೆಗೆ ಹೋಗಿ. ಅಲ್ಲಿ ಎತ್ತರದ ಕಲ್ಲಿನ ಸ್ಮಾರಕ ಕಂಬ ಒಂದಿದೆ. ಹೆಚ್ಚಿನ ಪ್ರವಾಸಿಗರು ಆ ಕಡೆ ತಲೆಯೇ ಹಾಕುವುದಿಲ್ಲ. ನನ್ನ ಪ್ರಕಾರ ಇಡೀ ಪಟ್ಣದಲ್ಲಿ ಮೊದಲು ನಿಲ್ಲಬೇಕಾದ ಜಾಗ ಅದು.

ಯಾಕೆ ಅಂತ ಹೇಳುತ್ತೇನೆ, ಇದನ್ನು ಮಗನಿಗೂ ಅಲ್ಲೇ ನಿಂತು ಹೇಳಿ. 1791ರ ಮೇ ತಿಂಗಳಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ದೊಡ್ಡ ಸೈನ್ಯ ಕಟ್ಟಿಕೊಂಡು ಪಟ್ಣದ ಹತ್ತಿರ ಬಂದ. ಅರಕೆರೆ ಬಳಿ ಯುದ್ಧವನ್ನೂ ಗೆದ್ದ. ಆದರೆ ಅಷ್ಟರಲ್ಲಿ ಮಳೆ ಶುರುವಾಯಿತು. ಎತ್ತುಗಳು ಸತ್ತವು, ದವಸ ಮುಗಿಯಿತು. ಎಳೆದು ತಂದಿದ್ದ ದೊಡ್ಡ ಫಿರಂಗಿಗಳನ್ನು ತಾನೇ ಒಡೆದು ಹಾಕಿ ವಾಪಸ್ ಹೋಗಬೇಕಾಯಿತು. ಮರುವರ್ಷ, 1792ರ ಫೆಬ್ರವರಿಯಲ್ಲಿ, ಒಣ ಕಾಲದಲ್ಲಿ ಮತ್ತೆ ಬಂದ. ಆಗ ಟಿಪ್ಪು ಒಪ್ಪಂದಕ್ಕೆ ಇಳಿಯಬೇಕಾಯಿತು. ಅರ್ಧ ರಾಜ್ಯ ಹೋಯಿತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಬಿತ್ತು. ಇಬ್ಬರು ಗಂಡುಮಕ್ಕಳನ್ನು ಒತ್ತೆ ಕೊಡಬೇಕಾಯಿತು. ದೊಡ್ಡವನಿಗೆ ನಿಮ್ಮ ಮಗನದೇ ವಯಸ್ಸು ಹೆಚ್ಚುಕಮ್ಮಿ, ಚಿಕ್ಕವನು ಇನ್ನೂ ಸಣ್ಣವನು. ಇದನ್ನು ಹೇಳಿದ ಕೂಡಲೇ ಮಕ್ಕಳು ಸುಮ್ಮನಾಗುತ್ತಾರೆ. ನಾನು ಪ್ರತಿ ಸಲ ನೋಡಿದ್ದೇನೆ.

1799ರಲ್ಲಿ ಬ್ರಿಟಿಷರ ಜನರಲ್ ಹ್ಯಾರಿಸ್ ಬಂದಾಗ ಅವನಿಗೂ ಅದೇ ಭಯ. ಮುಂಗಾರು ಹಿಡಿದು ಹೊಳೆ ಏರುವ ಮುಂಚೆ ಕೆಲಸ ಮುಗಿಯಬೇಕು. ಸೈನ್ಯದಲ್ಲಿ ಅಕ್ಕಿಯೂ ಮುಗಿಯುತ್ತಾ ಬಂದಿತ್ತು. ಕೋಟೆಯ ಈ ಮೂಲೆಗೆ ದಿನಗಟ್ಟಲೆ ಗುಂಡು ಹೊಡೆದು ಗೋಡೆಯಲ್ಲಿ ಕಂಡಿ ಮಾಡಿದರು. ಮೇ 4ರ ಮಧ್ಯಾಹ್ನ ಒಂದು ಗಂಟೆಗೆ ಸೈನಿಕರು ಹೊಳೆಗೆ ಇಳಿದರು. ಬಂಡೆಗಳ ನಡುವೆ ನಡೆದು ದಾಟುವಷ್ಟೇ ನೀರಿತ್ತು. ನೀವು ಕಂಬದ ಹತ್ತಿರ ನಿಂತು ಕೆಳಗೆ ನೋಡಿ. ಮೇನಲ್ಲಿ ಹೊಳೆಯ ಬಂಡೆಗಳೆಲ್ಲ ಎದ್ದು ಕಾಣುತ್ತವೆ, ನಡುನಡುವೆ ನೀರು. ಈಗ ಮೇಲೆ ಕನ್ನಂಬಾಡಿ ಕಟ್ಟೆ ಇದೆ, ನೀರು ಎಷ್ಟು ಬರಬೇಕು ಅನ್ನುವುದನ್ನು ಕಟ್ಟೆಯೇ ತೀರ್ಮಾನಿಸುತ್ತದೆ. ಆದರೂ ಬೇಸಿಗೆಯ ಕಾವೇರಿ ಬೇಸಿಗೆಯ ಕಾವೇರಿಯೇ. "ಇದನ್ನು ನೀನು ದಾಟಬಹುದಿತ್ತಾ?" ಅಂತ ಮಗನನ್ನು ಕೇಳಿ. ಅವನು ಯೋಚಿಸಲಿ. (ಇಳಿಯುವುದಕ್ಕೆ ಮಾತ್ರ ಬಿಡಬೇಡಿ.) ಆಮೇಲೆ ಆಗಸ್ಟ್‌ನಲ್ಲಿ ಕಟ್ಟೆ ತುಂಬಿ ಗೇಟು ತೆಗೆದಾಗಿನ ವಿಡಿಯೋ ಒಂದನ್ನು ಫೋನಿನಲ್ಲಿ ತೋರಿಸಿ. ಅದೇ ಜಾಗ, ಅದೇ ಹೊಳೆ. ಆ ಕೆಂಪು ನೀರು ನೋಡಿದರೆ ಮೂರು ತಿಂಗಳು ತಡವಾಗಿದ್ದರೆ ಏನಾಗುತ್ತಿತ್ತು ಅನ್ನುವುದು ಯಾರೂ ವಿವರಿಸದೆ ಅವನಿಗೇ ಅರ್ಥವಾಗುತ್ತದೆ.

ಆ ಕಂಬವನ್ನು ಮೈಸೂರು ಸರ್ಕಾರ 1907ರಲ್ಲಿ ನಿಲ್ಲಿಸಿತು. ಅದರ ಮೇಲೆ ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಅಧಿಕಾರಿಗಳ ಹೆಸರು, ಪಡೆಗಳ ಹೆಸರು ಇವೆ. ಗೋಡೆಯ ಈ ಕಡೆ ನಿಂತು ಸತ್ತ ಸಾವಿರಾರು ಜನರ ಹೆಸರಿಲ್ಲ. ಅವರಲ್ಲಿ ಅನೇಕರು ಈ ಸುತ್ತಿನ ಹಳ್ಳಿಗಳವರು, ನಮ್ಮವರು. ನನಗೆ ಪ್ರತಿ ಸಲವೂ ಅಲ್ಲಿ ಗಂಟಲು ಕಟ್ಟುತ್ತದೆ. ಮಕ್ಕಳಿಗೆ ಹೆಸರುಗಳನ್ನು ಓದಲು ಹೇಳಿದ ಮೇಲೆ, ಹೆಸರಿಲ್ಲದವರ ಬಗ್ಗೆಯೂ ಒಂದು ಮಾತು ಹೇಳುತ್ತೇನೆ. ನೀವೂ ಹೇಳಿ.

ಇಲ್ಲಿಂದ ರಂಗನಾಥನ ಗುಡಿಗೆ. ಬೆಳಿಗ್ಗೆ ಎಂಟು, ಎಂಟೂವರೆಗೆ ಹೋದರೆ ಅಮ್ಮನಿಗೆ ನೆಮ್ಮದಿಯಾಗಿ ದರ್ಶನ ಆಗುತ್ತದೆ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಅದಕ್ಕೇ ಇದನ್ನು ಬೆಳಗಿನಲ್ಲೇ ಮುಗಿಸಬೇಕು. ಶನಿವಾರ, ಭಾನುವಾರ ಬಿಟ್ಟು ಬನ್ನಿ, ಸಾಲು ಉದ್ದ. ಗುಡಿ ಗಂಗರ ಕಾಲದ್ದು, ತಿರುಮಲಯ್ಯ ಅನ್ನುವ ಸಾಮಂತ 894ರಲ್ಲಿ ಕಟ್ಟಿಸಿದ ಎನ್ನುತ್ತಾರೆ. ಆಮೇಲೆ ಹೊಯ್ಸಳರು, ವಿಜಯನಗರದವರು, ಮೈಸೂರು ಒಡೆಯರು ಎಲ್ಲರೂ ಒಂದಿಷ್ಟು ಸೇರಿಸಿದ್ದಾರೆ. ಇಲ್ಲಿಯೂ ಹೊಳೆಯೇ ಮೊದಲು. ಕಾವೇರಿ ದ್ವೀಪ ಮಾಡಿದ ಮೂರು ಕಡೆ ರಂಗನಾಥ ಮಲಗಿದ್ದಾನೆ: ಇಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಒಳಗೆ ದೇವರ ಪಾದದ ಬಳಿ ಕುಳಿತಿರುವವಳು ಕಾವೇರಿ. ಸಾಲಿನಲ್ಲಿ ದೂಡಿಸಿಕೊಂಡು ಹೋಗುವಾಗ ಇದನ್ನು ಯಾರೂ ಗಮನಿಸುವುದಿಲ್ಲ. ಅಮ್ಮನಿಗೆ ಮೊದಲೇ ಹೇಳಿಟ್ಟಿರಿ, ಅವರು ಖಂಡಿತ ನೋಡುತ್ತಾರೆ. ಹೊರಬರುವಾಗ ಮಂಟಪದ ಕಂಬಗಳಲ್ಲಿ ವಿಷ್ಣುವಿನ ಇಪ್ಪತ್ತನಾಲ್ಕು ರೂಪಗಳನ್ನು ಹುಡುಕುವ ಕೆಲಸ ಮಗನಿಗೆ ಕೊಡಿ.

ಗುಡಿಯ ಮುಂದಿನ ಬಯಲಿನಲ್ಲಿ ಒಂದು ಕ್ಷಣ ನಿಲ್ಲಿ. ಆ ಕಡೆ ಇದ್ದದ್ದೇ ಟಿಪ್ಪುವಿನ ಲಾಲ್ ಮಹಲ್ ಅರಮನೆ. ಈಗ ತಳಪಾಯ ಬಿಟ್ಟರೆ ಏನೂ ಇಲ್ಲ. ಅರಮನೆ ಬಾಗಿಲಿಗೂ ಗುಡಿಯ ಗೋಪುರಕ್ಕೂ ಎಷ್ಟು ಕಡಿಮೆ ದೂರ ನೋಡಿ. ದಿನಾ ಬೆಳಗ್ಗೆ ಗುಡಿಯ ಗಂಟೆ ಅರಮನೆಗೆ ಕೇಳಿಸಿರಲೇಬೇಕು. ಟಿಪ್ಪು ಈ ದೇವಸ್ಥಾನಕ್ಕೆ ಬೆಳ್ಳಿ ಬಟ್ಟಲುಗಳನ್ನೂ ಬೆಳ್ಳಿಯ ಕರ್ಪೂರದಾರತಿಯನ್ನೂ ಕೊಟ್ಟಿದ್ದ. ಟಿಪ್ಪು ಬಗ್ಗೆ ನಮ್ಮಲ್ಲಿ ಜಗಳ ಬಹಳ. ನಾನು ಮಕ್ಕಳಿಗೆ ಹೇಳುವುದು ಇಷ್ಟೇ: ಮೊದಲು ಈ ಜಾಗ ನೋಡಿ, ಇಲ್ಲಿ ಏನೇನು ಯಾವುದರ ಪಕ್ಕ ಇದೆ ಅಂತ ನೋಡಿ, ತೀರ್ಮಾನ ಆಮೇಲೆ. ಟಿಪ್ಪುವಿನ ಸೈನ್ಯ ಮಲಬಾರಿನಲ್ಲಿ, ಕೊಡಗಿನಲ್ಲಿ ಮಾಡಿದ ಹಿಂಸೆಯನ್ನೂ ಮುಚ್ಚಿಡುವುದಿಲ್ಲ. ಹತ್ತು ವರ್ಷದ ಮಗು ಎರಡನ್ನೂ ಕೇಳಿಸಿಕೊಳ್ಳುತ್ತದೆ, ನಾವು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ.

ತಿಂಡಿ ಗುಡಿ ಬೀದಿಯಲ್ಲೋ ಬಸ್ ನಿಲ್ದಾಣದ ಹತ್ತಿರವೋ ಆಗುತ್ತದೆ. ತಿಂಡಿ ತಿನ್ನುತ್ತಾ ಅಮ್ಮನ ಬಾಯಿಂದಲೇ ಅಲಮೇಲಮ್ಮನ ಕತೆ ಹೇಳಿಸಿ. ಗೊತ್ತಿಲ್ಲದಿದ್ದರೆ ಸ್ವಲ್ಪದರಲ್ಲಿ ಹೀಗೆ: 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲರಾಜನಿಂದ ಪಟ್ಣವನ್ನು ತೆಗೆದುಕೊಂಡರು. ತಿರುಮಲರಾಜನ ಹೆಂಡತಿ ಅಲಮೇಲಮ್ಮನ ಒಡವೆಗಳನ್ನು ಮಂಗಳವಾರ, ಶುಕ್ರವಾರ ರಂಗನಾಯಕಿ ಅಮ್ಮನಿಗೆ ಹಾಕುವ ರೂಢಿಯಿತ್ತು. ಆ ಒಡವೆ ತರಲು ಅರಸರ ಆಳುಗಳು ಬೆನ್ನು ಹತ್ತಿದಾಗ ಆಕೆ ತಲಕಾಡಿನ ಹತ್ತಿರ ಕಾವೇರಿಗೆ ಹಾರಿದಳಂತೆ. "ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ" ಅಂತ ಶಾಪ ಹಾಕಿದಳಂತೆ. ಅದೇ 1610ರಲ್ಲಿ ಒಡೆಯರ ಮೊದಲ ದಸರಾ ನಡೆದದ್ದೂ ಈ ಊರಲ್ಲೇ. ಮೈಸೂರು ದಸರಾ ಅಂತ ಜಗತ್ತೇ ಹೇಳುತ್ತದೆ, ಅದರ ತವರು ಪಟ್ಣ. ಈಗಲೂ ಇಲ್ಲಿ ದಸರಾ ಮಾಡುತ್ತಾರೆ, ಕಿರಂಗೂರು ಬನ್ನಿಮಂಟಪದಿಂದ ಮೆರವಣಿಗೆ ಹೊರಡುತ್ತದೆ. ಮೈಸೂರಿನ ನೂಕುನುಗ್ಗಲು ಇಷ್ಟವಿಲ್ಲದವರು ಒಮ್ಮೆ ಅದಕ್ಕೇ ಬರಬೇಕು.

ತಿಂಡಿಯಾದ ಮೇಲೆ ಕೋಟೆಯ ಒಳಗಿನ ಮೂರು ಜಾಗ. ಒಂದಕ್ಕೊಂದು ಹತ್ತಿರ, ಆಟೋದವರಿಗೆ ದಾರಿ ಗೊತ್ತು. ದರ ಮಾತ್ರ ಹತ್ತುವ ಮೊದಲೇ ಮಾತಾಡಿಕೊಳ್ಳಿ, ಇಡೀ ದಿನಕ್ಕೆ ಒಂದೇ ಆಟೋ ಮಾಡಿಕೊಂಡರೆ ಅಮ್ಮನಿಗೆ ಅನುಕೂಲ.

ನೀವು ಹೋದ ಸಲ ನೋಡಿದ ಸೆರೆಮನೆ ಕರ್ನಲ್ ಬೇಲಿ ಬಂದೀಖಾನೆ. ಇಟ್ಟಿಗೆ ಗಾರೆಯ ಕಮಾನು ಚಾವಣಿ, ಗೋಡೆಗೆ ಹೂತ ಕಲ್ಲಿನ ಹಲಗೆಗಳಲ್ಲಿ ಸರಪಳಿ ಬಿಗಿಯುವ ತೂತು. ಸುಮ್ನೆ ಒಂದು ನೆಲಮಾಳಿಗೆಯಾಗಿ ನೋಡಿದರೆ ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಆದರೆ ಕತೆ ಕಟ್ಟಿಕೊಂಡು ಹೋದರೆ ಬೇರೆಯೇ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು, ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ವಿಲಿಯಂ ಬೇಲಿಯ ಪಡೆಯನ್ನು ಪೂರ್ತಿ ಸೋಲಿಸಿದರು. ಬೇಲಿ ಸೆರೆ ಸಿಕ್ಕಿ, 1782ರಲ್ಲಿ ಪಟ್ಣದಲ್ಲೇ ಸೆರೆಯಲ್ಲಿ ತೀರಿಕೊಂಡ. ಅದೇ ಯುದ್ಧದಲ್ಲಿ ಸೆರೆ ಸಿಕ್ಕ ಇನ್ನೊಬ್ಬ ಯುವಕ ಡೇವಿಡ್ ಬೇರ್ಡ್. ಸುಮಾರು ಮೂರೂವರೆ ವರ್ಷ ಪಟ್ಣದಲ್ಲಿ ಸಂಕೋಲೆಯಲ್ಲಿದ್ದು 1784ರಲ್ಲಿ ಬಿಡುಗಡೆಯಾದ. 1799ರ ಮೇ 4ರಂದು ಹೊಳೆ ದಾಟಿ ಬಂದ ಪಡೆಯ ಮುಂದಾಳು ಯಾರು ಗೊತ್ತಾ? ಅದೇ ಬೇರ್ಡ್. ತಾನು ಸೆರೆಯಲ್ಲಿದ್ದ ಊರಿಗೆ, ಬಿಡುಗಡೆಯಾದ ಹದಿನೈದು ವರ್ಷದ ಮೇಲೆ, ಗೋಡೆ ಹತ್ತಿ ಬಂದ. ನಿಮ್ಮ ಮಗ ಬೆಳಿಗ್ಗೆ ನಿಂತಿದ್ದ ಜಾಗದಿಂದಲೇ. ಅಲ್ಲಿ ಮೆಟ್ಟಿಲಿಳಿಯಬೇಕು, ಅಮ್ಮ ಮೇಲೆ ಮರದ ನೆರಳಲ್ಲಿ ಕೂತಿರಲಿ.

ಟಿಪ್ಪುವಿನ ಶವ ಸಿಕ್ಕ ಜಾಗದಲ್ಲಿ ಒಂದು ಕಲ್ಲು ನೆಟ್ಟು ಸುತ್ತ ಬೇಲಿ ಹಾಕಿದ್ದಾರೆ, ಅಷ್ಟೇ. ಹತ್ತಿರದಲ್ಲೇ ಹೊಳೆಗೆ ಇಳಿಯುವ ನೀರು ಬಾಗಿಲು ಇದೆ. ಅದರ ಕಮಾನಿನ ಕೆಳಗೆ ಮೇ ತಿಂಗಳಲ್ಲೂ ತಂಪು. ಅಲ್ಲಿ ಸ್ವಲ್ಪ ಹೊತ್ತು ಮಾತಿಲ್ಲದೆ ನಿಲ್ಲಿ. ಅವತ್ತು ಸಂಜೆ ದೀವಟಿಗೆ ಹಿಡಿದು ಹೆಣಗಳ ರಾಶಿಯಲ್ಲಿ ಅವನನ್ನು ಹುಡುಕಿದರು. ರಾತ್ರಿಯಿಡೀ ಊರು ಲೂಟಿಯಾಯಿತು. ಸಿಂಹಾಸನವನ್ನು ತುಂಡು ಮಾಡಿ ಹಂಚಿಕೊಂಡರು. ಸೈನಿಕನ ಮೇಲೆ ಎರಗಿದ ಮರದ ಹುಲಿ, ಆ ಹೆಸರುವಾಸಿ ಆಟಿಕೆ, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. "ಟಿಪ್ಪು ಸಾಮಾನೆಲ್ಲ ಎಲ್ಲಿ?" ಅಂತ ಮಗ ಕೇಳಿಯೇ ಕೇಳುತ್ತಾನೆ. ನಿಜ ಹೇಳಿ. ಅರಮನೆಯ ಮರವೂ ಇಲ್ಲಿ ಉಳಿಯಲಿಲ್ಲ, ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ತೊಲೆಗಳು ಇಲ್ಲಿಂದ ಹೋದ ಮರ. ಬರೀ ಮುರಿದ ಗೋಡೆ ಯಾಕೆ ಉಳಿಯಿತು ಅನ್ನುವ ಪ್ರಶ್ನೆಗೆ ಅವನಿಗೆ ಉತ್ತರ ಸಿಕ್ಕಿದ ಹಾಗಾಯಿತು, ಅಲ್ವಾ?

ರೈಲ್ವೆ ನಿಲ್ದಾಣದ ಬಳಿ ಟಿಪ್ಪು ಕಾಲದ ಮದ್ದಿನ ಮನೆ ಒಂದಿದೆ, ಮದ್ದುಗುಂಡು ಇಡುತ್ತಿದ್ದ ಕಟ್ಟಡ. ಜೋಡಿ ಹಳಿ ಹಾಕುವಾಗ ಅದು ದಾರಿಗೆ ಅಡ್ಡ ಬಂತು. ಒಡೆಯದೆ, 2017ರಲ್ಲಿ ಇಡೀ ಕಟ್ಟಡವನ್ನು ಬುಡದಿಂದ ಎತ್ತಿ ನೂರು ಮೀಟರಿನಷ್ಟು ಆಚೆಗೆ ಸರಿಸಿದರು. ಎಂಜಿನಿಯರಿಂಗ್ ಇಷ್ಟಪಡುವ ಮಕ್ಕಳಿಗೆ ಇದು ಬಂದೀಖಾನೆಗಿಂತ ಜಾಸ್ತಿ ಹಿಡಿಸುತ್ತದೆ. ಬೆಂಗಳೂರು ಬಾಗಿಲ ಹತ್ತಿರದ ಜಾಮಿಯಾ ಮಸೀದಿಯ ಜೋಡಿ ಮಿನಾರುಗಳನ್ನು ಹೋಗುವ ದಾರಿಯಲ್ಲೇ ನೋಡಬಹುದು. ಮಿನಾರಿನ ತುಂಬ ಪಾರಿವಾಳದ ಗೂಡುಗಳಿವೆ, ಕತ್ತೆತ್ತಿ ನೋಡಿ.

ಹನ್ನೊಂದರ ಹೊತ್ತಿಗೆ ಬಿಸಿಲು ಏರುತ್ತದೆ. ಆಗ ದರಿಯಾ ದೌಲತ್ ಬಾಗ್‌ಗೆ ಹೋಗಿ. ಅಲ್ಲಿ ನೆರಳಿದೆ, ಹುಲ್ಲಿದೆ, ಅಮ್ಮ ಕೂರಲು ಜಾಗವಿದೆ. ದಿನದ ಅತಿ ಹೆಚ್ಚು ಹೊತ್ತನ್ನು ಇಲ್ಲಿ ಕಳೆಯಿರಿ, ಒಂದೂವರೆ ಗಂಟೆಯಾದರೂ. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ ಇದು, ಹೆಚ್ಚೂಕಡಿಮೆ ಎಲ್ಲ ತೇಗದ ಮರ. ಹೊರಗಿನಿಂದ ನೋಡಿದರೆ ಹಸಿರು ಪರದೆಗಳ ಹಿಂದೆ ಏನಿದೆ ಅಂತಲೇ ಗೊತ್ತಾಗುವುದಿಲ್ಲ. ಆ ಪರದೆ ಬಿಸಿಲಿಗೆ ಚಿತ್ರ ಮಾಸದಿರಲಿ ಅಂತ. ಒಳಗೆ ಕಾಲಿಟ್ಟರೆ ಗೋಡೆಯಿಂದ ಚಾವಣಿಯವರೆಗೆ ಬೆರಳಿಡಲು ಜಾಗವಿಲ್ಲದ ಹಾಗೆ ಬಣ್ಣ.

ಪಶ್ಚಿಮದ ಗೋಡೆಯ ಮುಂದೆ ನಿಲ್ಲಿ. ಅಲ್ಲಿ ಪೊಲ್ಲಿಲೂರಿನ ಯುದ್ಧ ಇದೆ. ಬೆಳಿಗ್ಗೆ ಬಂದೀಖಾನೆಯಲ್ಲಿ ಹೆಸರು ಕೇಳಿದ ಬೇಲಿ ಇಲ್ಲಿ ಗಾಯಗೊಂಡು ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ, ಬಾಯಿಗೆ ಬೆರಳಿಟ್ಟುಕೊಂಡು. ಅವನ ಸುತ್ತ ಕೆಂಪು ಅಂಗಿಯ ಸೈನಿಕರು ಚೌಕವಾಗಿ ನಿಂತಿದ್ದಾರೆ. ಮೇಲೆ ಅವರ ಮದ್ದಿನ ಗಾಡಿ ಸಿಡಿಯುತ್ತಿದೆ, ಅಲ್ಲಿಂದಲೇ ಅವತ್ತಿನ ಸೋಲು ಗಟ್ಟಿಯಾದದ್ದು. ಮೈಸೂರಿನವರಿಗೆ ಹುರಿ ಮೀಸೆ, ಕಂಪನಿಯವರಿಗೆ ಬೋಳು ಮುಖ, ಹೀಗಾಗಿ ಯಾರು ಯಾರೆಂದು ಮಕ್ಕಳು ಸುಲಭವಾಗಿ ಹೇಳುತ್ತಾರೆ. ದೂರದರ್ಶಕ ಹಿಡಿದು ನೋಡುತ್ತಿರುವ ಫ್ರೆಂಚ್ ಅಧಿಕಾರಿ ಲಾಲಿ. ಇನ್ನೊಂದು ಕಡೆ ಹೈದರಾಬಾದಿನ ನಿಜಾಮ ಬರುತ್ತಿದ್ದಾನೆ. ಅವನ ಹತ್ತಿರ ಒಂದು ಹಂದಿ, ಒಂದು ಹಸು ಬರೆದಿದ್ದಾರೆ. ಹಂದಿಯ ಹಾಗೆ ನುಗ್ಗಿ ಬಂದು ಹಸುವಿನ ಹಾಗೆ ಹೋದ ಅಂತ ಚಿತ್ರಕಾರ ಛೇಡಿಸಿದ್ದು ಎಂದು ತಿಳಿದವರು ವಿವರಿಸುತ್ತಾರೆ. ಈ ಹಂದಿ ಹಸು ಹುಡುಕುವ ಕೆಲಸಕ್ಕೆ ನಮ್ಮ ಶಾಲೆ ಮಕ್ಕಳು ಅರ್ಧ ಗಂಟೆ ಗೋಡೆ ಬಿಟ್ಟು ಕದಲುವುದಿಲ್ಲ.

ಆ ಚಿತ್ರಗಳು ಉಳಿದ ಕತೆಯನ್ನೂ ಹೇಳಿ. ಮುತ್ತಿಗೆಗೆ ಮುಂಚೆಯೇ ಅವು ಕೆಟ್ಟುಹೋಗಿದ್ದವು. 1799ರ ನಂತರ ಈ ಅರಮನೆಯಲ್ಲಿ ವಾಸ ಮಾಡಿದ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು, ಅವನ್ನು ಸರಿಪಡಿಸಿದ. ಆಮೇಲೆ ಮತ್ತೆ ಸುಣ್ಣದಡಿ ಹೋದವು. ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿ ಮೈಸೂರು ಸೀಮೆಗೆ ಬಂದಾಗ, ಮೂಲ ಚಿತ್ರ ನೆನಪಿದ್ದ ಇಲ್ಲಿನ ಒಬ್ಬ ಚಿತ್ರಕಾರನಿಂದ ಮತ್ತೆ ಬರೆಸಿದ. ಅಂದರೆ ನಾವು ಇವತ್ತು ನೋಡುವುದು ಒಬ್ಬ ಮನುಷ್ಯನ ನೆನಪನ್ನು. ಬ್ರಿಟಿಷರ ಸೋಲಿನ ಚಿತ್ರವನ್ನು ಬ್ರಿಟಿಷರೇ ಎರಡು ಸಲ ಉಳಿಸಿದರು. ಇದನ್ನು ನೆನೆದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ.

ಒಳಗೆ ಮ್ಯೂಸಿಯಂ ಇದೆ. ಥಾಮಸ್ ಹಿಕ್ಕಿ ಬರೆದ ಟಿಪ್ಪುವಿನ ಮಕ್ಕಳ ರೇಖಾಚಿತ್ರಗಳನ್ನು ತಪ್ಪಿಸಬೇಡಿ. ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ, ಅದೇ ಒಳ್ಳೆಯದು, ಕಣ್ಣಿಗೆ ಕೆಲಸ ಸಿಗುತ್ತದೆ. ವಾರದ ರಜೆ ಯಾವ ದಿನ ಅಂತ ಹೊರಡುವ ಮುಂಚೆ ಪುರಾತತ್ವ ಇಲಾಖೆಯ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.

ಊಟ ಮಾಡಿ ಮೂರೂವರೆವರೆಗೆ ವಿಶ್ರಾಂತಿ. ಮೇ ತಿಂಗಳ ಮಧ್ಯಾಹ್ನ ಎಪ್ಪತ್ತು ದಾಟಿದವರನ್ನು ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಸಬಾರದು. ಗುಡಿಗೂ ಗುಂಬಜ್‌ಗೂ ಚಪ್ಪಲಿ ಹೊರಗೇ ಬಿಡಬೇಕು, ನೆಲ ಸುಡುತ್ತದೆ. ಒಂದು ಜೊತೆ ಹಳೇ ಕಾಲುಚೀಲ ಚೀಲದಲ್ಲಿಟ್ಟುಕೊಳ್ಳಿ, ಅಮ್ಮ ನಿಮ್ಮನ್ನು ಹರಸುತ್ತಾರೆ.

ನಾಲ್ಕಕ್ಕೆ ಗಂಜಾಮಿನ ಗುಂಬಜ್. ಹೈದರ್ ಅಲಿ 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಹತ್ತಿರ ದಂಡಿನಲ್ಲಿದ್ದಾಗ ತೀರಿಕೊಂಡ. ಮೊದಲು ಕೋಲಾರದಲ್ಲಿ ಮಣ್ಣು ಮಾಡಿ ಆಮೇಲೆ ಇಲ್ಲಿಗೆ ತಂದರು. ತಂದೆಗಾಗಿ ಟಿಪ್ಪು ಕಟ್ಟಿಸಿದ ಗೋರಿ ಇದು. ಸುತ್ತ ಮೂವತ್ತಾರು ಕರಿಕಲ್ಲಿನ ಕಂಬ, ಮುಖ ಕಾಣುವಷ್ಟು ನುಣುಪು. ದಂತದ ಕುಸುರಿಯ ಬಾಗಿಲುಗಳು ಡಾಲ್‌ಹೌಸಿ ಕೊಟ್ಟದ್ದು. ಒಳಗೋಡೆಗೆ ಹುಲಿಯ ಪಟ್ಟೆ. ಅಪ್ಪ, ಅಮ್ಮ, ಮಗ ಮೂವರೂ ಅಕ್ಕಪಕ್ಕ ಮಲಗಿದ್ದಾರೆ. ಟಿಪ್ಪುವನ್ನು ಮೇ 5ರಂದು ಇಲ್ಲಿಗೆ ತಂದರು. ಅವತ್ತು ಸಂಜೆ ದೊಡ್ಡ ಗುಡುಗು ಮಳೆ ಬಂತು, ಸಿಡಿಲು ಬಡಿದು ಬ್ರಿಟಿಷ್ ಅಧಿಕಾರಿಗಳೂ ಸತ್ತರು. ಒಂದು ದಿನ ತಡವಾಗಿ ಬಂದ ಮಳೆ. ಬೆಳಿಗ್ಗೆ ನೋಡಿದ ಬಂಡೆಗಳು ಮಗನಿಗೆ ಇಲ್ಲಿ ಮತ್ತೆ ನೆನಪಾಗಲಿ.

ಅಮ್ಮನಿಗೆ ನಿಮಿಷಾಂಬ ಗುಡಿಗೆ ಹೋಗುವ ಆಸೆ ಇದ್ದರೆ ಗಂಜಾಮಿನಲ್ಲೇ, ಹೊಳೆ ದಂಡೆಯಲ್ಲೇ ಇದೆ, ಸಂಜೆ ಸೇರಿಸಿಕೊಳ್ಳಿ. ಕೊನೆಗೆ ಸಂಗಮ. ಎರಡು ಕವಲು ಮತ್ತೆ ಸೇರುವ ಜಾಗ. ಲೋಕಪಾವನಿ ಹೊಳೆಯೂ ಇಲ್ಲಿಗೆ ಹತ್ತಿರದಲ್ಲೇ ಕಾವೇರಿಗೆ ಸೇರುತ್ತದೆ. ದ್ವೀಪ ಮುಗಿಯಿತು ಅನ್ನುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ದಯವಿಟ್ಟು ಒಂದು ಮಾತು ಕೇಳಿ: ಮೆಟ್ಟಿಲ ಮೇಲೆ ಕೂತು ಕಾಲು ತೊಳೆಯಿರಿ, ಅದಕ್ಕಿಂತ ಮುಂದೆ ಬೇಡ. ಬಂಡೆ ಪಾಚಿಗಟ್ಟಿರುತ್ತದೆ, ನೋಡಲು ಮೊಣಕಾಲುದ್ದ ಕಂಡ ಕಡೆ ಮಡು ಇರುತ್ತದೆ. ಈ ಹೊಳೆಯಲ್ಲಿ ಪ್ರವಾಸಕ್ಕೆ ಬಂದ ಮಕ್ಕಳು ಹೋಗಿದ್ದಾರೆ. ಹರಿಗೋಲಿನಲ್ಲಿ ಕೂರುವುದಾದರೆ ಲೈಫ್ ಜಾಕೆಟ್ ಇಲ್ಲದೆ ಕೂರಬೇಡಿ. ಕೊಡದಿದ್ದರೆ ಹರಿಗೋಲೇ ಬೇಡ.

ಇನ್ನು ಬಿಡಬಹುದಾದವು. ರಂಗನತಿಟ್ಟನ್ನು ಇದೇ ದಿನಕ್ಕೆ ತುರುಕಬೇಡಿ, ಹಕ್ಕಿಗಳಿಗೆ ಪ್ರತ್ಯೇಕ ಬೆಳಗು ಬೇಕು. ಬೃಂದಾವನವೂ ಬೇಡ. ಬ್ರಿಟಿಷ್ ಅಧಿಕಾರಿಯೊಬ್ಬನ ಹಳೇ ಮನೆ ಸ್ಕಾಟ್ ಬಂಗಲೆಯನ್ನೂ ಬಿಡಿ. ಕರಿಘಟ್ಟದ ಮೇಲಿನಿಂದ ಇಡೀ ದ್ವೀಪ ಚೆನ್ನಾಗಿ ಕಾಣುತ್ತದೆ, ಆದರೆ ಅಮ್ಮನ ಮಂಡಿಗೆ ಮೆಟ್ಟಿಲು ಆಗಿಬರುವುದಿಲ್ಲ.

ಹೊತ್ತು ಉಳಿದರೆ ಎರಡು ಜಾಗ ಹೇಳುತ್ತೇನೆ. ಒಂದು, ಉತ್ತರದ ಕವಲಿನ ಮೇಲೆ ದಿವಾನ್ ಪೂರ್ಣಯ್ಯ 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆ. ಕಲ್ಲಿನ ಕಂಬ, ಕಲ್ಲಿನ ತೊಲೆ. ಇನ್ನೂರಕ್ಕೂ ಹೆಚ್ಚು ಮಳೆಗಾಲದ ಪ್ರವಾಹ ನೋಡಿ ನಿಂತಿದೆ. ಹೈದರನ ಕಾಲದಲ್ಲೇ ಕೆಲಸಕ್ಕೆ ಸೇರಿ, ಟಿಪ್ಪುವಿಗೂ ದುಡಿದು, ಆಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜರ ಪರವಾಗಿ ರಾಜ್ಯ ನಡೆಸಿದವರು ಪೂರ್ಣಯ್ಯ. ಇನ್ನೊಂದು, ಹೊಳೆ ದಂಡೆಯ ಗ್ಯಾರಿಸನ್ ಸ್ಮಶಾನ. ಅಲ್ಲಿ ಮುನ್ನೂರರಷ್ಟು ಸಮಾಧಿಗಳಿವೆ. ಬ್ರಿಟಿಷರ ಪರ ಕಾದಿದ ಸ್ವಿಟ್ಜರ್‌ಲೆಂಡಿನ ದ ಮ್ಯೂರಾನ್ ಪಡೆಯವರು, ಅವರ ಹೆಂಡತಿಯರು, ಎಳೆ ಮಕ್ಕಳು. ಗೆದ್ದ ಮೇಲೆ ಅವರನ್ನು ಕೊಂದದ್ದು ಜ್ವರ. ಆ ಮಲೇರಿಯಾ ತಾಳಲಾರದೆ 1809ರಲ್ಲಿ ದಂಡು ಬೆಂಗಳೂರಿಗೆ ಹೋಯಿತು. ರಾಜಧಾನಿ ಅದಾಗಲೇ ಮೈಸೂರಿಗೆ ಹೋಗಿತ್ತು. ಟಿಪ್ಪು ಕಾಲದಲ್ಲಿ ಒಂದೂವರೆ ಲಕ್ಷ ಜನ ಇದ್ದರೆಂದು 1800ರಲ್ಲಿ ಸರ್ವೆಗೆ ಬಂದ ಬ್ರಿಟಿಷ್ ಅಧಿಕಾರಿ ಬುಕನನ್ ಅಂದಾಜು ಮಾಡಿದ್ದ ಊರು ಹೀಗೆ ಸಣ್ಣ ಪಟ್ಟಣವಾಗಿ ಉಳಿಯಿತು.

ಮೈಸೂರಿಗೆ ಹಿಂದಿರುಗುವಾಗ ಕೋಟೆ ದಾಟಿದ ಕೂಡಲೇ ಪಶ್ಚಿಮವಾಹಿನಿ ಸಿಗುತ್ತದೆ. ಪೂರ್ವಕ್ಕೆ ಹರಿಯುವ ಕಾವೇರಿ ಅಲ್ಲಿ ಮಾತ್ರ ಪಶ್ಚಿಮಕ್ಕೆ ತಿರುಗುತ್ತಾಳೆ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮವನ್ನು ಬಿಟ್ಟದ್ದು ಅಲ್ಲೇ. ನಿಮ್ಮ ತಾಯಿಯವರ ಮನೆಯ ಹಿರಿಯರ ಅಸ್ಥಿಯನ್ನೂ ಅಲ್ಲಿ ಬಿಟ್ಟಿದ್ದರೆ ಅವರೇ ಇಳಿಯೋಣ ಅನ್ನಬಹುದು. ಇಳಿಯಿರಿ, ಐದು ನಿಮಿಷ ಆದರೂ ಸರಿ. ಬೆಳಿಗ್ಗೆ ಬರುವಾಗಲೇ ಇಳಿಯಬೇಡಿ, ಅಲ್ಲಿ ದಿನವಿಡೀ ಕರ್ಮ ಮಾಡುವವರ ಗುಂಪಿರುತ್ತದೆ, ಸಂಜೆಗೆ ಕಡಿಮೆಯಾಗುತ್ತದೆ.

ಮನೆ ಸೇರಿದ ಮೇಲೆ ಮಗನಿಗೆ ಒಂದು ಹಾಳೆ ಕೊಟ್ಟು ದ್ವೀಪದ ನಕ್ಷೆ ಬರೆಯಲು ಹೇಳಿ. ಮೊದಲು ಹೊಳೆಯ ಎರಡು ಕವಲು ಬರೆಯಲಿ, ಉಳಿದದ್ದನ್ನೆಲ್ಲ ಅದರೊಳಗೆ ತುಂಬಲಿ. ನಮ್ಮ ಮಕ್ಕಳು ಬರೆದ ಅಂಥ ನಕ್ಷೆಗಳನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಅವನದನ್ನೂ ಸಾಧ್ಯವಾದರೆ ಕಳಿಸಿ.